ಪ್ರತಿಕ್ರಿಯೆಯೂ ಪ್ರತೀಕಾರವೂ

ಹೊಡೆದವನನ್ನು ಮರಳಿ ಹೊಡೆಯುವುದು ಪ್ರಕೃತಿಯ ನಿಯಮವೇ ಎಂದು ವಾದಿಸುವವರುಂಟು. ಗೋಡೆಗೆಸೆದ ಚೆಂಡು ಹಿಂದಿರುಗುವುದನ್ನು ಅವರು ದೃಷ್ಟಾಂತವಾಗಿ ಕೊಡುವರು. ಕ್ರಿಯೆಗೆ ಸಮನಾದ ವಿರುದ್ಧ ಪ್ರತಿಕ್ರಿಯೆಯುಂಟೆಂದು ನ್ಯೂಟನ್ ಪಂಡಿತನು ೧೬೮೭ರಲ್ಲಿ ಪ್ರಕಟಿಸಿದ ಸೂತ್ರವನ್ನು ಪ್ರಮಾಣವಾಗಿ ಮುಂದಿಡುವರು. ಈ ವಾದವು ವಿಚಾರಾರ್ಹವಾದುದು.

ಚೆಂಡು ಗೋಡೆಯನ್ನು ಒತ್ತಿದ ಕ್ಷಣದಲ್ಲಿಯೇ ಗೋಡೆಯೂ ಚೆಂಡನ್ನು ಅಷ್ಟೇ ಬಲದಿಂದ ಒತ್ತುವುದು. ಮೊದಲು ಏಟು, ಅನಂತರ ಸೇಡು ಎಂಬ ಕ್ರಮವು ಅಲ್ಲಿಲ್ಲ. ಒತ್ತಡದಿಂದ ಚಪ್ಪಟೆಯಾದ ಚೆಂಡು ತನ್ನ ಮೊದಲಿನ ಆಕಾರಕ್ಕೆ ಮರಳುವಾಗ ಹಿಂದಕ್ಕೆ ಚಿಮ್ಮುವುದು. ಶಕ್ತಿಯ ಒಂದಂಶವು ಶಾಖವೂ ಸದ್ದೂ ಆಗಿ ಕಳೆಯುವುದರಿಂದ ಬಂದುದಕ್ಕಿಂತ ಕಡಿಮೆ ವೇಗದಿಂದ ಹಿಂದಿರುಗುವುದು. ಅದೇ ಚೆಂಡನ್ನು ಕಾರವಾರದ ಕಡಲ ತೀರದ ಸಡಿಲವಾದ ಮಳಲಿಗೆ ಎಸೆದರೆ ಅದು ಪುಟಿಯದೆ ಅಲ್ಲಿಯೇ ನಿಲ್ಲುವುದು. ಮಳಲೂ ಸಮಬಲದಿಂದಲೇ ಎದುರೊತ್ತಿರುತ್ತದೆ; ಆದರೆ ಅದರ ಕಣಗಳು ಸರಿದು, ಒಂದನ್ನೊಂದು ಉಜ್ಜಿ, ಚೆಂಡಿನ ಶಕ್ತಿಯನ್ನು ತಮ್ಮಲ್ಲಿಯೇ ಅರಗಿಸಿಕೊಳ್ಳುವವು. ನಿಯಮವು ಒಂದೇ, ಫಲವು ವಸ್ತುಗಳ ಗುಣವನ್ನು ಅನುಸರಿಸುವುದು.

ಮನುಷ್ಯರ ನಡತೆಯಲ್ಲಿಯೂ ಈ ಭೇದವನ್ನು ಕಾಣಬಹುದು. ೧೯೩೦ನೆಯ ಏಪ್ರಿಲ್ ೧೩ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವು ನಡೆಯಿತು. ಏಟಿಗೆ ಏಟು ಕೊಡಬಾರದೆಂಬುದು ಸತ್ಯಾಗ್ರಹಿಯ ವ್ರತ. ಅನ್ಯಾಯದ ಕಾಯಿದೆಗೆ ಮಣಿಯಬಾರದೆಂಬುದೂ ಅವನ ವ್ರತವೇ. ಎದುರು ನಿಲ್ಲುವುದು ಬೇರೆ, ಏಟನ್ನು ಹಿಂದಿರುಗಿಸುವುದು ಬೇರೆ.

ಗೋಡೆಗಾಗಲಿ ಮಳಲಿಗಾಗಲಿ ತನ್ನ ಗುಣವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಮನುಷ್ಯನಿಗಾದರೋ ವಿವೇಕದಿಂದಲೂ ಸಂಯಮದಿಂದಲೂ ಸ್ವಭಾವವನ್ನು ತಿದ್ದಿಕೊಳ್ಳುವ ಅಧಿಕಾರವುಂಟು. ಆದುದರಿಂದ ಅವನು ತನ್ನ ಸೇಡಿನ ಹೊಣೆಯನ್ನು ಪ್ರಕೃತಿಯ ಮೇಲೆ ಹೊರಿಸುವುದು ನ್ಯಾಯವಲ್ಲ.