ಇವತ್ತಿನವರೆಗೆ

ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹಳೆಯ ಹುಣಸೆಮರವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಊರೊಳಗೆ ನುಗ್ಗಿದಾಗ ಸುಮಾರು 150 ಜನ ಅದರ ಕೊಂಬೆಗಳನ್ನು ಹತ್ತಿ ಜೀವ ಉಳಿಸಿಕೊಂಡರು. ಮೊನ್ನೆ ರಾತ್ರಿ ಆರ್ ತಂತ್ರಾಂಶದಲ್ಲಿ ಈ ಊರಿನ ಕಾಲಪಟ್ಟಿ ಎಳೆಯಲು ಕೂತಾಗ ಮೊದಲ ಸಾಲಿಗೆ ಆ ಮರವನ್ನೇ ಬರೆದೆ.

ವಿಧಾನ ಸರಳ. ಸಾಲಿಗೊಂದು ಹೆಸರು, ಒಂದು ಆರಂಭ, ಒಂದು ಅಂತ್ಯ. ಆರ್‌ನಲ್ಲಿ ಚಿತ್ರ ಬಿಡಿಸುವ ಜಿಜಿಪ್ಲಾಟ್ ಅದನ್ನು ಅಡ್ಡಪಟ್ಟಿಯಾಗಿ ಎಳೆದುಕೊಡುತ್ತದೆ. ಪಟ್ಟಿಯ ಉದ್ದವೇ ಆಯುಸ್ಸು. ಎರಡನೆಯ ಸಾಲು ವಿಶ್ವೇಶ್ವರಯ್ಯನವರದು, 1861ರಿಂದ 1962. ಪ್ರವಾಹದ ಮರುವರ್ಷ ಇಲ್ಲಿಗೆ ಬಂದು, ನೆರೆ ತಡೆಯಲು ಊರಿನ ಮೇಲುಗಡೆ ಜಲಾಶಯ ಕಟ್ಟಬೇಕೆಂದವರು ಅವರು. ಮೂರನೆಯದು ಮೂಸಿಗೆ ಅಡ್ಡಲಾಗಿ 1920ರಲ್ಲಿ ಸಿದ್ಧವಾದ ಉಸ್ಮಾನ್ ಸಾಗರ. ನಾಲ್ಕನೆಯದು ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್. ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10; ತೀರಿಕೊಂಡದ್ದು ಅಮೆರಿಕದಲ್ಲಿ, 2023ರ ಆಗಸ್ಟ್ 22. ಇಲ್ಲಿನ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣದಲ್ಲಿ ಅವರ ಹೆಸರಿನ ಗಣಿತ ಸಂಸ್ಥೆಯಿದೆ.

1920ರ ಮೇಲೆ ಒಂದು ನೇರಗೆರೆ ಇಳಿಸಿದೆ. ಅದು ಅರುವತ್ತರ ಹತ್ತಿರದ ಎಂಜಿನಿಯರನ್ನು, ಆಗತಾನೆ ತುಂಬತೊಡಗಿದ ಕೆರೆಯನ್ನು, ತೊಟ್ಟಿಲ ಕೂಸನ್ನು ಒಟ್ಟಿಗೇ ಮುಟ್ಟಬೇಕಿತ್ತು. ಪುಸ್ತಕಗಳಲ್ಲಿ ಇವರು ಬೇರೆ ಬೇರೆ ಅಧ್ಯಾಯದವರು. ಆ ಇಬ್ಬರು ನೂರು ದಾಟಿದವರ ಪಟ್ಟಿಗಳು ಸುಮಾರು 42 ವರ್ಷ ಒಂದರ ಕೆಳಗೊಂದು ಹಾಯ್ದಿವೆ ಎಂಬುದು ಇಸವಿಗಳನ್ನು ಎಷ್ಟು ಸಲ ಓದಿದರೂ ನನಗೆ ಹೊಳೆದಿರಲಿಲ್ಲ.

ಆದರೆ ಚಿತ್ರದಲ್ಲಿ ಮರ ಕಾಣಲಿಲ್ಲ. ಕೆರೆಯೂ ಇಲ್ಲ. ಅಂತ್ಯದ ಖಾನೆ ಖಾಲಿ ಬಿಟ್ಟಿದ್ದೆನಲ್ಲ, ಎರಡು ಸಾಲುಗಳನ್ನು ಕೈಬಿಟ್ಟಿದ್ದೇನೆಂದು ತಂತ್ರಾಂಶ ಎಚ್ಚರಿಕೆ ಬರೆದಿತ್ತು. ಉಳಿದದ್ದು ಅಗಲಿದವರು ಮಾತ್ರ. ಮುಗಿಯದ್ದನ್ನು ಎಲ್ಲಿಯವರೆಗೆ ಎಳೆಯಬೇಕೆಂದು ಅದಕ್ಕಾದರೂ ಹೇಗೆ ತಿಳಿಯಬೇಕು! ಸುಮ್ಮನೆ ಕೂತು ಆ ಖಾಲಿ ಜಾಗವನ್ನೇ ಬಹಳ ಹೊತ್ತು ನೋಡಿದೆ.

ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1765ರಲ್ಲಿ ಸುಮಾರು ಎರಡು ಸಾವಿರ ಜನರ ಬಾಳನ್ನು ಒಂದೇ ಹಾಳೆಯ ಮೇಲೆ ಹೀಗೆ ಗೆರೆಗಳಾಗಿ ಹರಡಿದ್ದ. ಹುಟ್ಟು ಸಾವು ಖಚಿತವಿಲ್ಲದ ಕಡೆ ಗೆರೆಯ ಬದಲು ಚುಕ್ಕಿ ಇಟ್ಟ. ಆ ಚುಕ್ಕಿಗಳ ಮೇಲೆ ನನಗೆ ತುಂಬ ಪ್ರೀತಿ. ನನ್ನ ಅಜ್ಜಿಯ ಹುಟ್ಟಿದ ಇಸವಿ ಯಾರಿಗೂ ಗೊತ್ತಿರಲಿಲ್ಲ. "ರಜಾಕಾರರ ಗಲಾಟೆಯಾದಾಗ ಲಂಗ ಉಡುತ್ತಿದ್ದೆ" ಎನ್ನುತ್ತಿದ್ದಳು. ಅವಳ ಪಟ್ಟಿಯೂ ಚುಕ್ಕಿಯಿಂದಲೇ ಶುರುವಾಗಬೇಕು. ಹುಣಸೆಮರಕ್ಕೂ 1908ರ ಹಿಂದೆ ಚುಕ್ಕಿಗಳನ್ನಿಟ್ಟೆ, ಪಟದ ಎಡ ಅಂಚಿನವರೆಗೆ.

ಅಂತ್ಯದ ಖಾನೆಯಲ್ಲಿ ತಾರೀಖಿನ ಬದಲು 'ಇವತ್ತು' ಎಂಬ ಆಜ್ಞೆ ಬರೆದೆ. ಗಣಕ ತನ್ನ ಗಡಿಯಾರ ನೋಡಿಕೊಂಡು ಅಲ್ಲಿಯವರೆಗೆ ಎಳೆಯುತ್ತದೆ. ಮರ ಬಂತು, ಕೆರೆ ಬಂತು.

ಬೆಳಿಗ್ಗೆ ಎದ್ದು ಅದೇ ಕೋಡನ್ನು ಮತ್ತೆ ಓಡಿಸಿದೆ. ಒಂದಕ್ಷರವನ್ನೂ ಬದಲಿಸಿರಲಿಲ್ಲ. ಎರಡೂ ಪಟಗಳನ್ನು ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ಯಾವ ವ್ಯತ್ಯಾಸವೂ ಇಲ್ಲ. ನೂರಕ್ಕೂ ಹೆಚ್ಚು ವರ್ಷಗಳ ಅಗಲದಲ್ಲಿ ಒಂದು ದಿನ ಎಲ್ಲಿ ಕಂಡೀತು? ಪ್ರವಾಹದಿಂದ ಈಚೆಗೆ ಮರ ನಿಂತ ದಿನಗಳೆಷ್ಟೆಂದು ರಾತ್ರಿ ಕೇಳಿದಂತೆಯೇ ಮತ್ತೆ ಕೇಳಿದೆ. ಹಿಂದಿನ ರಾತ್ರಿ ಹೇಳಿದ್ದಕ್ಕಿಂತ ಒಂದು ಹೆಚ್ಚಿತ್ತು.