ಲಿಕ್ ಸರಿದಾಗ ಉಳಿಯುವುದೇನು

ಬ್ಲೂಸ್ ಸ್ಕೇಲಿನ ನಾಲ್ಕಾರು ಸ್ವರಗಳ ಪುಟ್ಟ ಸಂಚಾರಕ್ಕೆ ಗಿಟಾರ್ ವಾದಕರು ಲಿಕ್ ಎನ್ನುತ್ತಾರೆ. ಬೆರಳೊತ್ತದ ತಂತಿಯನ್ನು ಬಳಸದೆ ಕಲಿತ ಲಿಕ್ ಎಲ್ಲಿಗೆ ಬೇಕಾದರೂ ಸರಿಯಬಲ್ಲದು. ಆರನೆಯ ತಂತಿಯ 5ನೇ ಫ್ರೆಟ್‌ನಿಂದ ಹಿಡಿದರೆ ಅದು ಎ ಶ್ರುತಿಯದು. ಅದೇ ಬೆರಳಿನ ವಿನ್ಯಾಸವನ್ನು 8ನೇ ಫ್ರೆಟ್‌ಗೆ ಒಯ್ದರೆ ಸಿ ಶ್ರುತಿಯದು. ಎ ಶ್ರುತಿಯ ಬ್ಲೂಸ್ ಸ್ಕೇಲಿನ ಎ, ಸಿ, ಡಿ, ಇ ಫ್ಲ್ಯಾಟ್, ಇ, ಜಿ ಎಂಬ ಆರು ಸ್ವರಗಳಲ್ಲಿ ಮೂರು ಈಗ ಬೇರೆಯಾಗಿವೆ. ಆದರೂ ಕಿವಿಗೆ ಲಿಕ್ ಅದೇ. ಉಳಿದದ್ದು ಸ್ವರಗಳಲ್ಲ, ಅವುಗಳ ನಡುವಿನ ಅಂತರ. ಶ್ರುತಿ ಏರಿಸಿದರೂ ಮೋಹನ ಮೋಹನವೇ ಎಂದು ಬಲ್ಲವರಿಗೆ ಇದು ಹೊಸದೇನಲ್ಲ.

ಹೆಚ್ಚು ಯೋಚಿಸಬೇಕಾದದ್ದು ಇದರ ಮಗ್ಗುಲಿನ ಸಂಗತಿ. ಹನ್ನೆರಡು ಬಾರ್‌ಗಳ ಬ್ಲೂಸಿನಲ್ಲಿ ಲಿಕ್ ನಿಂತಲ್ಲೇ ನಿಲ್ಲುತ್ತದೆ, ಅದರಡಿಯ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛ, ಸರಿಯುತ್ತದೆ. ಎ7 ಕಾರ್ಡಿನಲ್ಲಿ ಅಂತರ ಗಾಂಧಾರವಿದೆ. ಅದರ ಮೇಲೆ ನುಡಿಸಿದ ಸಿ ಸಾಧಾರಣ ಗಾಂಧಾರವಾಗಿ ಅದಕ್ಕೆ ತಾಗುತ್ತದೆ. ವಾದಕ ತಂತಿಯನ್ನು ತುಸು ಎಳೆದು ಎರಡರ ನಡುವೆ ನಿಲ್ಲಿಸುತ್ತಾನೆ; ಬ್ಲೂಸಿನ ನೋವು ಹುಟ್ಟುವುದು ಅಲ್ಲಿ. ಕಾರ್ಡ್ ಡಿ7ಕ್ಕೆ ಸರಿದೊಡನೆ ಅದೇ ಸಿ ಅದರ ನಿಷಾದವಾಗಿ ನೆಮ್ಮದಿಯಿಂದ ಕೂರುತ್ತದೆ. ಸ್ವರದ ಗುಣ ಸ್ವರದೊಳಗಿಲ್ಲ, ಅದು ಯಾವುದರ ಮೇಲೆ ನಿಂತಿದೆ ಎಂಬುದರಲ್ಲಿದೆ.

ಸ್ವರದ ಈ ಮಾತು ಇಡೀ ಹಾಡಿಗೂ ಸಲ್ಲುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಚರ್ಚುಗಳಲ್ಲಿ ಅನೇಕರು ಬ್ಲೂಸನ್ನು ಸೈತಾನನ ಸಂಗೀತವೆಂದು ದೂರವಿಟ್ಟರು. ಹಾಗಾದರೆ ಪಾಪ ಇದ್ದದ್ದೆಲ್ಲಿ? ಸ್ವರದಲ್ಲಂತೂ ಅಲ್ಲ, ಎಳೆದ ಗಾಂಧಾರ ಚರ್ಚಿನ ಹಾಡಿನಲ್ಲೂ ಇತ್ತು. ಸಾಹಿತ್ಯದಲ್ಲಿ ಎಂದರೆ ಟೆಕ್ಸಸ್‌ನ ಬ್ಲೈಂಡ್ ವಿಲ್ಲಿ ಜಾನ್ಸನ್ ಅಡ್ಡ ಬರುತ್ತಾನೆ. 1927ರಲ್ಲಿ ಅವನು ಧ್ವನಿಮುದ್ರಿಸಿದ ‘ಡಾರ್ಕ್ ವಾಸ್ ದ ನೈಟ್, ಕೋಲ್ಡ್ ವಾಸ್ ದ ಗ್ರೌಂಡ್’ನಲ್ಲಿ ಪದಗಳೇ ಇಲ್ಲ, ಇರುವುದು ನರಳುವ ಕಂಠ, ತಂತಿಯ ಮೇಲೆ ಜಾರುವ ಸ್ಲೈಡ್. ಆದರೂ ಅದು ಪ್ರಾರ್ಥನೆ ಎಂಬುದರಲ್ಲಿ ಸಂದೇಹವಿಲ್ಲ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಧ್ವನಿತಟ್ಟೆಯಲ್ಲಿ ಅದು ಭೂಮಿಯನ್ನೇ ಬಿಟ್ಟು ಹೋಯಿತು.

ಥಾಮಸ್ ಡಾರ್ಸಿ 1928ರಲ್ಲಿ ಜಾರ್ಜಿಯಾ ಟಾಮ್ ಎಂಬ ಹೆಸರಿನಲ್ಲಿ ಟ್ಯಾಂಪಾ ರೆಡ್ ಜೊತೆ ಪೋಲಿ ಬ್ಲೂಸ್ ಹಾಡಿ ಪ್ರಸಿದ್ಧನಾದವನು. 1932ರಲ್ಲಿ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು, ಹಸುಗೂಸೂ ಉಳಿಯಲಿಲ್ಲ. ಆ ದುಃಖದಲ್ಲಿ ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’ ಹುಟ್ಟಿತು. ಬ್ಲೂಸಿನ ನಡೆಯನ್ನು ಅವನು ಬಿಡಲಿಲ್ಲ. ಅದನ್ನು ಯಾರಿಗೆ ಹಾಡುತ್ತಾನೆಂಬುದು ಬದಲಾಯಿತು. ಕೆಲವು ಚರ್ಚುಗಳು ಮೊದಮೊದಲು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹಾಡಿನ ಆಧಾರ ಷಡ್ಜವೆಂದರೆ ಅದು ಉದ್ದೇಶಿಸುವ ಕೇಳುಗ ಎಂದು ಇಲ್ಲಿ ಹೇಳಬಹುದು.

ದೇವತಾಶಾಸ್ತ್ರಜ್ಞ ಜೇಮ್ಸ್ ಕೋನ್ 1972ರ ‘ದ ಸ್ಪಿರಿಚುವಲ್ಸ್ ಅಂಡ್ ದ ಬ್ಲೂಸ್’ ಗ್ರಂಥದಲ್ಲಿ ಇನ್ನೂ ಮುಂದೆ ಹೋಗಿ, ಬ್ಲೂಸನ್ನು ಲೌಕಿಕ ಭಕ್ತಿಗೀತೆ ಎಂದೇ ಕರೆದರು: ಎರಡೂ ಒಂದೇ ಜನರ ಒಂದೇ ಸಂಕಟದಿಂದ ಬಂದವು. ಚರಿತ್ರೆಯ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಆದರೆ ಎರಡರ ನಡುವೆ ಗಡಿಯೇ ಇಲ್ಲವೆಂದರೆ ಬ್ಲೂಸ್ ಗಾಯಕ ಸನ್ ಹೌಸ್‌ನಂಥವರ ಒದ್ದಾಟ ಬರೀ ಭ್ರಮೆಯಾದೀತು. ಬ್ಯಾಪ್ಟಿಸ್ಟ್ ಬೋಧಕನಾಗಿದ್ದು ಬ್ಲೂಸಿಗೆ ಬಂದ ಅವನು ಈ ಎರಡರ ನಡುವಿನ ಹೊಯ್ದಾಟವನ್ನೇ 1930ರ ‘ಪ್ರೀಚಿನ್ ದ ಬ್ಲೂಸ್’ ಆಗಿಸಿದ. ಗಡಿ ಅವನ ಫ್ರೆಟ್‌ಬೋರ್ಡಿನಲ್ಲಿ ಇರಲಿಲ್ಲ ನಿಜ, ಆದರೆ ದೇವರಿಗೆ ಕೊಟ್ಟ ಮಾತಿನಲ್ಲಿತ್ತು. ಅದನ್ನು ದಾಟಿದಾಗಲೆಲ್ಲ ಅವನಿಗೆ ತಾನು ದಾಟಿದ್ದು ಗೊತ್ತಾಗುತ್ತಿತ್ತು.