ಪ್ರಾರಬ್ಧವೂ ಬಯಾಪ್ಸಿಯೂ

ವಯಸ್ಸಾದವರ ನೆತ್ತಿಯಲ್ಲಿ ಪೆಟ್ಟು ಬಿದ್ದ ನೆನಪೇ ಇಲ್ಲದೆ ನೀಲಿಗಟ್ಟಿದ ಕಲೆಯೊಂದು ಕಾಣಿಸಿಕೊಂಡು, ಮಾಯುವ ಬದಲು ಹರಡತೊಡಗಿದರೆ ಅದು ಆಂಜಿಯೋಸಾರ್ಕೋಮಾ ಇರಬಹುದು. ರಕ್ತನಾಳದ ಒಳಪದರದ ಜೀವಕೋಶಗಳಿಂದ ಹುಟ್ಟುವ ಈ ಕ್ಯಾನ್ಸರ್ ತೀರಾ ಅಪರೂಪ. ಮೊದಮೊದಲು ನೋವು ಇಲ್ಲದಿರುವುದೂ ಉಂಟು. ಕೂದಲ ಮರೆಯಲ್ಲಿ ತಿಂಗಳುಗಟ್ಟಲೆ ಉಳಿದುಬಿಡುತ್ತದೆ. ತುಳುನಾಡಿನಲ್ಲಿ ಚರ್ಮದ ಕಾಯಿಲೆ ಎಂದೊಡನೆ ನಾಗದೋಷ ನೆನಪಾಗುತ್ತದೆ, ಹರಕೆ ಹೊರುತ್ತಾರೆ. ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ‘ಪ್ರಾರಬ್ಧ, ಅನುಭವಿಸಲೇಬೇಕು’ ಎಂದು ಆಸ್ಪತ್ರೆಗೆ ಹೋಗದೆ ಕೂರುವುದನ್ನು ಧರ್ಮವೆನ್ನಲು ಮಧ್ವಾಚಾರ್ಯರ ಈ ನೆಲದಲ್ಲಿ ಆಧಾರವಿಲ್ಲ.

ಪಾಜಕದಲ್ಲಿ ಹುಟ್ಟಿದ ಆಚಾರ್ಯರು ಜಗತ್ತು ಸತ್ಯ, ಭೇದವೂ ಸತ್ಯ ಎಂದರು. ಅವರ ಪಂಚಭೇದದಲ್ಲಿ, ಅಂದರೆ ಐದು ಬಗೆಯ ಭೇದಗಳಲ್ಲಿ, ಒಂದು ಜಡವಸ್ತುವಿಗೂ ಇನ್ನೊಂದಕ್ಕೂ ಇರುವ ಭೇದವೂ ಸೇರಿದೆ. ಪ್ರತ್ಯಕ್ಷವನ್ನು ಪ್ರಮಾಣವೆಂದು ಎತ್ತಿಹಿಡಿದ ದರ್ಶನ ಅದು. ರಕ್ತ ಹೆಪ್ಪುಗಟ್ಟಿದ ಕಲೆಗೂ ಈ ಗೆಡ್ಡೆಗೂ ಇರುವ ಭೇದ ಬರಿಗಣ್ಣಿಗೆ ತಿಳಿಯದು. ಬಯಾಪ್ಸಿ ಮಾಡಿ, ಅಂದರೆ ಚರ್ಮದ ತುಣುಕು ತೆಗೆದು ಸೂಕ್ಷ್ಮದರ್ಶಕದಡಿ ನೋಡಬೇಕು, ರಕ್ತನಾಳದ ಒಳಪದರದ ಜೀವಕೋಶಗಳ ಗುರುತಾದ ಸಿಡಿ31, ಇಆರ್‌ಜಿ ಎಂಬ ಪ್ರೋಟೀನುಗಳು ಅದರಲ್ಲಿ ಇವೆಯೇ ಎಂದು ಪರೀಕ್ಷಿಸಬೇಕು. ಇನ್ನು ಪ್ರಾರಬ್ಧವೋ, ಫಲ ಕಂಡ ಮೇಲಷ್ಟೇ ಗೊತ್ತಾಗುವಂಥದ್ದು. ಗುಣವಾಗುವುದೇ ಒಬ್ಬರ ಪ್ರಾರಬ್ಧದಲ್ಲಿದ್ದರೆ? ಅದನ್ನು ಮೊದಲೇ ಬಲ್ಲೆವೆಂದು ಕೈಕಟ್ಟಿ ಕೂರುವವರು ದೇವರಿಗಷ್ಟೇ ತಿಳಿದದ್ದನ್ನು ತಮಗೂ ತಿಳಿದಿದೆ ಎಂದಂತಾಯಿತು.

ಎಲ್ಲವೂ ಹರಿಯ ಅಧೀನವಾದರೆ ವೈದ್ಯರ ಕೈಯಲ್ಲೇನಿದೆ ಎಂದು ಕೇಳಬಹುದು. ಮಧ್ವರ ದ್ವೈತ ದರ್ಶನವು ಜೀವಾತ್ಮದ ಕರ್ತೃತ್ವವನ್ನು ಪರಾಧೀನ ಎಂದಿತೇ ಹೊರತು ಇಲ್ಲವೆನ್ನಲಿಲ್ಲ. ಇಲ್ಲವಾದರೆ ವಿಧಿನಿಷೇಧಗಳಿಗೆ ಅರ್ಥವೇ ಇರದು. ಚಿಕಿತ್ಸೆಯಿಂದ ಭಕ್ತಿ ತಗ್ಗೀತೆಂಬ ಅಳುಕಿಗೆ ಮಾರಿಯಮ್ಮನ ಗುಡಿಯಿರುವ ಕಾಪುವಿನಲ್ಲೇ ಉತ್ತರವಿದೆ. ಸಿಡುಬನ್ನು ಮಾರಿಯಮ್ಮನದೆಂದು ನಂಬಿದ್ದ ಕಾಲವಿತ್ತು. ಲಸಿಕೆಯಿಂದ ಆ ರೋಗ ಲೋಕದಿಂದಲೇ ತೊಲಗಿತೆಂದು 1980ರಲ್ಲಿ ಘೋಷಣೆಯಾಯಿತು. ಆದರೂ ಕಾಪುವಿನ ಮಾರಿಗುಡಿಯಲ್ಲಿ ಪೂಜೆ ನಿಂತಿಲ್ಲ. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳದ ಜೈನರಿಗಂತೂ ಔಷಧದಾನ ನಾಲ್ಕು ದಾನಗಳಲ್ಲೊಂದು.

ಇನ್ನೊಂದು ಆಕ್ಷೇಪ ಇವೆಲ್ಲಕ್ಕಿಂತ ಭಾರವಾದದ್ದು. ಈ ಕ್ಯಾನ್ಸರ್ ಕಣ್ಣಿಗೆ ಕಾಣುವ ಅಂಚನ್ನು ಮೀರಿ ನೆತ್ತಿಯೊಳಗೆ ಹಬ್ಬಿರುತ್ತದೆ. ಅಗಲವಾಗಿ ಕತ್ತರಿಸಿ, ವಿಕಿರಣ ಕೊಟ್ಟು, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧ ಹನಿಸಿದರೂ ಮರಳಿ ಬರುವುದುಂಟು. ಹಾಗಾದರೆ ಈ ಪಾಡೇಕೆ? ಗೆಡ್ಡೆ ಚಿಕ್ಕದಿರುವಾಗ ಸಿಕ್ಕವರಿಗೆ ಬದುಕುವ ಅವಕಾಶ ಹೆಚ್ಚು ಎಂಬ ಕಾರಣಕ್ಕೆ. ಚಿಕಿತ್ಸೆ ಬೇಡವೆನ್ನುವ ಹಕ್ಕೂ ರೋಗಿಗಿದೆ, ಆದರೆ ತನಗೇನಾಗಿದೆ ಎಂದು ತಿಳಿದ ಮೇಲೆ. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜಿದೆ; ಕಾಪುವಿಗೂ ಕಾರ್ಕಳಕ್ಕೂ ಅದು ದೂರವಲ್ಲ. ಮನೆಯ ಹಿರಿಯರ ನೆತ್ತಿಯಲ್ಲಿ ಕೆಲವು ವಾರಗಳಾದರೂ ಮಾಸದ ಕಲೆ ಕಂಡರೆ ದೇವರಿಗೆ ಕೈಮುಗಿಯಿರಿ, ಅದೇ ವಾರ ಚರ್ಮವೈದ್ಯರಲ್ಲಿಗೂ ಕರೆದೊಯ್ಯಿರಿ.